ಟೋಕನ್ ಕೈಯಲ್ಲಿ, ಚಪ್ಪಲಿ ಗೂಡಿನಲ್ಲಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಕಡಲೆಕಾಯಿಯ ರಾಶಿ, ನಡುವೆ ಜನರ ರಾಶಿ. ಕಳೆದ ಪರಿಷೆಗೆ ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಪ್ಪನ ಫೋನ್ ಹಿಡಿದು ಹೊರಟಳು. ಹಸಿಕಾಯಿ, ಹುರಿದ ಕಾಯಿ, ತಕ್ಕಡಿ, ಸೇರು, ಬತಾಸು, ಗಿರಿಗಿಟ್ಲೆ, ಬಸವಣ್ಣನ ಗುಡಿಯ ಮುಂದಿನ ಸಾಲು ಎಂದು ಆರಿಸಿ ಆರಿಸಿ 30 ಫೋಟೋ ತೆಗೆದಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವುಗಳನ್ನೆಲ್ಲ ಸೇರಿಸಿ ಒಂದು ಆ್ಯಪ್ ತಯಾರಿಸುವುದು ಅವಳ ಯೋಜನೆ. ಬೆರಳಿನಿಂದ ಸರಿಸಿದರೆ ಮುಂದಿನ ಚಿತ್ರ, ಕೆಳಗೆ ಎರಡು ಸಾಲು ಕನ್ನಡದ ವಿವರಣೆ. ಅಷ್ಟೇ.

ಮನೆಯ ಕಂಪ್ಯೂಟರಿನಲ್ಲಿ ಆ್ಯಪ್ ಚೆನ್ನಾಗಿಯೇ ನಡೆಯಿತು. ಅಪ್ಪನ ಫೋನಿಗೆ ಹಾಕಿದಾಗ ತೊಂದರೆ ಶುರುವಾಯಿತು. ಮೊದಲ ನಾಲ್ಕೈದು ಚಿತ್ರ ಸಲೀಸಾಗಿ ಬಂದವು. ಆಮೇಲಿನವು ತಡವರಿಸಿದವು. ಹತ್ತನೆಯದೋ ಹನ್ನೊಂದನೆಯದೋ ಬರುವಷ್ಟರಲ್ಲಿ ಆ್ಯಪ್ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಮತ್ತೆ ತೆರೆದರೂ ಅದೇ ಕಥೆ. ತಪ್ಪು ಏನೆಂದು ಹೇಳುವ ಒಂದು ಸಾಲಿನ ಸೂಚನೆಯೂ ಪರದೆಯ ಮೇಲಿಲ್ಲ.

ಅಪ್ಪ ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವವರು. ಮಗಳನ್ನು ಕರೆದುಕೊಂಡು ಫೋನ್ ಅಂಗಡಿಗೆ ಹೋದರು. ಅಂಗಡಿಯವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮೆಮೊರಿ ಸಾಲದು ಸಾರ್. ಹೊಸದು ತೊಗೊಳ್ಳಿ, ಹದಿನೈದು ಸಾವಿರದೊಳಗೆ ಒಳ್ಳೇದು ಬರುತ್ತೆ” ಎಂದು ತೀರ್ಪು ಕೊಟ್ಟ. ಆ ಸಂಜೆ ಇಬ್ಬರೂ ನಮ್ಮ ಮನೆಗೆ ಬಂದರು. “ಮೇಷ್ಟ್ರೇ, ಪ್ರದರ್ಶನ ಶನಿವಾರ. ಹದಿನೈದು ಸಾವಿರ ಅಂದ್ರೆ ನನಗೆ ಸುಲಭದ ಮಾತಲ್ಲ. ತೆಗೆದುಕೊಡಲೇಬೇಕಾ?” ಎಂದು ಅಪ್ಪ ಕೇಳಿದರು. ಹುಡುಗಿ ಮಾತಾಡಲಿಲ್ಲ. ತಪ್ಪು ತನ್ನದೇ ಎಂಬಂತೆ ನೆಲ ನೋಡುತ್ತಿದ್ದಳು.

ಫೋನು ಹಳೆಯದು ನಿಜ, ಅದರ ಮೆಮೊರಿ 2 ಜಿಬಿ ಮಾತ್ರ. ಆದರೆ 30 ಫೋಟೋ ತೋರಿಸಲು ಅಷ್ಟು ಸಾಲದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಂಗಡಿ ಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಗುಣಾಕಾರ ಬಂದರೆ ಸಾಕು.

ಉಗ್ರಾಣ ಬೇರೆ, ಅಡುಗೆ ಕಟ್ಟೆ ಬೇರೆ

ಮೊದಲು ತಂದೆತಾಯಿಯರಲ್ಲಿ ಸಾಮಾನ್ಯವಾಗಿ ಇರುವ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಫೋನಿನ ಡಬ್ಬಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ದೊಡ್ಡ ಸಂಖ್ಯೆ, ಉದಾಹರಣೆಗೆ 32 ಅಥವಾ 64 ಜಿಬಿ, ಉಗ್ರಾಣದ ಅಳತೆ. ಫೋಟೋ, ಹಾಡು, ಆ್ಯಪ್ ಎಲ್ಲವೂ ಅಲ್ಲಿ ಶೇಖರವಾಗಿರುತ್ತವೆ, ಫೋನ್ ಆರಿಸಿದರೂ ಹಾಗೇ ಇರುತ್ತವೆ. ಚಿಕ್ಕ ಸಂಖ್ಯೆ, ಅಂದರೆ 2 ಅಥವಾ 4 ಜಿಬಿ, ಅಡುಗೆ ಕಟ್ಟೆಯ ಅಳತೆ. ಈಗ ನಡೆಯುತ್ತಿರುವ ಕೆಲಸಕ್ಕೆ ಬೇಕಾದ ಸಾಮಾನನ್ನು ಮಾತ್ರ ಅಲ್ಲಿ ಹರಡಿಕೊಳ್ಳಬೇಕು. ನಾವು ಮೆಮೊರಿ ಎನ್ನುವುದು ಈ ಕಟ್ಟೆಯನ್ನು. ಉಗ್ರಾಣ ಎಷ್ಟೇ ಖಾಲಿಯಿರಲಿ, ಕಟ್ಟೆ ತುಂಬಿದರೆ ಅಡುಗೆ ನಿಲ್ಲುತ್ತದೆ.

ಆ ಕಟ್ಟೆಯೂ ಪೂರ್ತಿಯಾಗಿ ನಮ್ಮದಲ್ಲ. ಫೋನನ್ನು ನಡೆಸುವ ಮೂಲ ತಂತ್ರಾಂಶ, ಕರೆ ಮತ್ತು ಸಂದೇಶಗಳ ವ್ಯವಸ್ಥೆ, ಹಿನ್ನೆಲೆಯಲ್ಲಿ ಎಚ್ಚರವಾಗಿರುವ ಇತರ ಆ್ಯಪ್‌ಗಳು, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಉಳಿದ ಜಾಗದಲ್ಲಿ ನಮ್ಮ ಆ್ಯಪ್ ನಡೆಯಬೇಕು. ಜಾಗ ತೀರುತ್ತ ಬಂದಾಗ ಆಂಡ್ರಾಯ್ಡ್ ವ್ಯವಸ್ಥೆ ಯಾರನ್ನೂ ಕೇಳದೆ ಯಾವುದಾದರೊಂದು ಆ್ಯಪನ್ನು ಮುಚ್ಚಿಬಿಡುತ್ತದೆ. ಇಡೀ ಫೋನ್ ಸ್ತಬ್ಧವಾಗುವುದಕ್ಕಿಂತ ಇದು ವಾಸಿ ಎಂಬುದು ಅದರ ನ್ಯಾಯ. ಪರಿಷೆಯ ಆ್ಯಪ್ ಮುಚ್ಚಿಕೊಂಡದ್ದು ಹೀಗೆ.

ಸಂಡಿಗೆ ಅರಳಿದಾಗ

“ಆದ್ರೆ ಸರ್, ಒಂದು ಫೋಟೋ ಬರೀ 4 ಎಂಬಿ ಇರೋದು. 30 ಫೋಟೋ ಸೇರಿದ್ರೂ 120 ಎಂಬಿ ಅಷ್ಟೇ!” ಎಂದಳು ಹುಡುಗಿ. ಲೆಕ್ಕ ತಪ್ಪಿಲ್ಲ. ಆದರೆ ಅದು ಉಗ್ರಾಣದ ಲೆಕ್ಕ.

ಸಬ್ಬಕ್ಕಿ ಸಂಡಿಗೆಯನ್ನು ನೆನೆಸಿಕೊಳ್ಳಿ. ಬಿಸಿಲಲ್ಲಿ ಒಣಗಿಸಿ ತುಂಬಿಟ್ಟರೆ ಒಂದು ಡಬ್ಬಿಯಲ್ಲಿ ವರ್ಷಕ್ಕಾಗುವಷ್ಟು ಹಿಡಿಯುತ್ತದೆ. ಕಾದ ಎಣ್ಣೆಗೆ ಹತ್ತು ಬಿಟ್ಟರೆ ಬಾಣಲೆಯೇ ತುಂಬಿಹೋಗುತ್ತದೆ. ಒಣ ಸಂಡಿಗೆಯನ್ನು ಹಾಗೇ ತಿನ್ನಲಾಗದು, ಅರಳಿಸಿಯೇ ಬಡಿಸಬೇಕು. ಫೋಟೋ ಕಡತವೂ ಹೀಗೆಯೇ. ಉಗ್ರಾಣದಲ್ಲಿ ಅದು ಒತ್ತಿ ಕುಗ್ಗಿಸಿದ ಸ್ಥಿತಿಯಲ್ಲಿರುತ್ತದೆ. ಪರದೆಯ ಮೇಲೆ ತೋರಿಸಬೇಕಾದರೆ ಅದರ ಪ್ರತಿಯೊಂದು ಚುಕ್ಕೆಯನ್ನೂ ಬಿಡಿಸಿ ಮೆಮೊರಿಯಲ್ಲಿ ಹರಡಬೇಕು. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್, ಪಾರದರ್ಶಕತೆಗೆ ಇನ್ನೊಂದು, ಒಟ್ಟು 4 ಬೈಟ್ ಬೇಕು.

ಅವಳ ಫೋಟೋ 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕೆ. ಅದನ್ನು 4ರಿಂದ ಗುಣಿಸಿದರೆ 4 ಕೋಟಿ 80 ಲಕ್ಷ ಬೈಟ್, ಅಂದರೆ 48 ಎಂಬಿ. ಕಡತದಲ್ಲಿ 4 ಎಂಬಿ ಇದ್ದದ್ದು ಮೆಮೊರಿಯಲ್ಲಿ ಹನ್ನೆರಡು ಪಟ್ಟು ಅರಳಿತು! ಹತ್ತು ಫೋಟೋಗೆ 480 ಎಂಬಿ. ಮೂವತ್ತಕ್ಕೆ 1440 ಎಂಬಿ. 2 ಜಿಬಿಯ ಫೋನಿನಲ್ಲಿ ಒಂದೇ ಆ್ಯಪಿಗೆ ಅಷ್ಟು ಜಾಗ ಸಿಗುವ ಮಾತೇ ಇಲ್ಲ. ಹತ್ತನೆಯ ಚಿತ್ರದ ಹೊತ್ತಿಗೆ ಆ್ಯಪ್ ಸತ್ತದ್ದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ಇನ್ನೊಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೆಮೊರಿಯಲ್ಲಿ ಚಿತ್ರ ಹಿಡಿಯುವ ಜಾಗ ಅದರ ಕಡತದ ಗಾತ್ರವನ್ನು ಅವಲಂಬಿಸಿಲ್ಲ. ಚಿತ್ರದಲ್ಲಿ ಏನಿದೆ ಎಂಬುದನ್ನೂ ಅವಲಂಬಿಸಿಲ್ಲ. ಪರಿಷೆಯ ಗದ್ದಲದ ಫೋಟೋ ಆಗಲಿ, ಬರಿಯ ಬಿಳಿ ಗೋಡೆಯ ಫೋಟೋ ಆಗಲಿ, ಅಗಲ ಎತ್ತರ ಒಂದೇ ಆಗಿದ್ದರೆ ಅರಳಿದ ಮೇಲೆ ಜಾಗವೂ ಒಂದೇ.

ಸಂಡಿಗೆ ಒಣಗಿಸಿದವರು ನಮ್ಮೂರಿನವರು

ಹಾಗಾದರೆ ಅಷ್ಟು ದೊಡ್ಡ ಚಿತ್ರವನ್ನು ಇಷ್ಟು ಚಿಕ್ಕ ಕಡತದಲ್ಲಿ ಅಡಗಿಸಿದ್ದು ಹೇಗೆ? ಈ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆದರೆ ಇದು ನಮ್ಮ ಮಕ್ಕಳಲ್ಲಿ ಬಹುಮಂದಿಗೆ ತಿಳಿಯದು.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ವೃತ್ತದ ಬಳಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಯುವಿಸಿಇಯಲ್ಲಿ ಓದಿ 1961ರಲ್ಲಿ ಎಂಜಿನಿಯರ್ ಆದರು. ಮುಂದೆ ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಏರಿಳಿಯುವ ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಅದನ್ನು ಬಹಳವಾಗಿ ಕುಗ್ಗಿಸಬಹುದೆಂಬುದು ಅವರಿಗೆ ಹೊಳೆದ ವಿಚಾರ. 1972ರಲ್ಲಿ ಇದರ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದರು, ಸಿಗಲಿಲ್ಲ. ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂದು ಇದರ ಹೆಸರು. 1992ರಲ್ಲಿ ರೂಪುಗೊಂಡ ಜೆಪಿಇಜಿ ಮಾನದಂಡಕ್ಕೆ ಇದೇ ಅಡಿಪಾಯ. ನಿಮ್ಮ ಫೋನಿನಲ್ಲಿರುವ ಫೋಟೋಗಳಲ್ಲಿ ಬಹುಪಾಲು ಈ ಗಣಿತದಿಂದ ಕುಗ್ಗಿದವು.

ತಂತ್ರ ಸ್ಥೂಲವಾಗಿ ಹೀಗಿದೆ. ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದ 64 ಬೆಲೆಗಳನ್ನು 64 ಅಲೆಗಳ ಪ್ರಮಾಣಗಳಾಗಿ ಬದಲಿಸುತ್ತಾರೆ. ನಿಧಾನವಾಗಿ ಬದಲಾಗುವ ಅಲೆಗಳನ್ನು ನಮ್ಮ ಕಣ್ಣು ಚೆನ್ನಾಗಿ ಗುರುತಿಸುತ್ತದೆ, ತೀರ ನವಿರಾದ ಏರಿಳಿತವನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದ್ದರಿಂದ ನವಿರಾದ ಅಲೆಗಳನ್ನು ಒರಟಾಗಿ ಬರೆದಿಟ್ಟರೂ ನಡೆದೀತು, ಹಲವನ್ನು ಬಿಟ್ಟೇಬಿಟ್ಟರೂ ನಡೆದೀತು. ಸೊನ್ನೆಗಳೇ ಹೆಚ್ಚಾದ ಪಟ್ಟಿ ಚಿಕ್ಕ ಜಾಗದಲ್ಲಿ ಹಿಡಿಯುತ್ತದೆ.

ಆದರೆ ಪರದೆಗೆ ಅಲೆಗಳ ಭಾಷೆ ಬಾರದು, ಅದಕ್ಕೆ ಚುಕ್ಕೆಗಳೇ ಬೇಕು. ನಾಸಿರ್ ಅಹ್ಮದ್ ಅವರ ಗಣಿತ ಉಗ್ರಾಣವನ್ನು ಉಳಿಸುತ್ತದೆ, ಚಿತ್ರವನ್ನು ಕಳಿಸುವಾಗ ಇಂಟರ್‌ನೆಟ್ ಖರ್ಚನ್ನೂ ಉಳಿಸುತ್ತದೆ. ಅಡುಗೆ ಕಟ್ಟೆಯನ್ನು ಉಳಿಸುವ ಹೊಣೆ ಮಾತ್ರ ಆ್ಯಪ್ ಬರೆದವರದೇ.

ಚಪ್ಪಲಿ ಗೂಡಿನ ನ್ಯಾಯ

“ಒಂದು ಸಲಕ್ಕೆ ಒಂದೇ ಚಿತ್ರ ತಾನೆ ಕಾಣೋದು? ಹಿಂದಿನದನ್ನು ನಾನು ತೆಗೆದುಬಿಟ್ಟಿದೀನಲ್ಲ ಸರ್” ಎಂದಳು ಹುಡುಗಿ. ಇದು ಒಳ್ಳೆಯ ಪ್ರಶ್ನೆ. ಇಡೀ ವಿಷಯದ ತಿರುಳೂ ಇಲ್ಲಿಯೇ ಇದೆ.

ಅವಳು ಬಳಸಿದ್ದು ಸೋಲಾರ್2ಡಿ ಎಂಬ ಉಚಿತ ಚೌಕಟ್ಟು. ಮೊದಲು ಕರೋನ ಎಂದಿದ್ದ ಅದರ ಹೆಸರು 2020ರಲ್ಲಿ ಬದಲಾಯಿತು. ಇಂಥ ಚೌಕಟ್ಟಿನಲ್ಲಿ ಎರಡು ಅಂತಸ್ತುಗಳಿರುತ್ತವೆ. ಮೇಲಿನದು ನಾವು ಬರೆಯುವ ಸ್ಕ್ರಿಪ್ಟ್, ಅಂದರೆ ಸರಳ ಭಾಷೆಯಲ್ಲಿ ಬರೆದ ಆಜ್ಞೆಗಳ ಪಟ್ಟಿ: ಈ ಚಿತ್ರವನ್ನು ಇಲ್ಲಿ ಇಡು, ಮುಟ್ಟಿದರೆ ಹೀಗೆ ಮಾಡು. ಸೋಲಾರ್2ಡಿಯಲ್ಲಿ ಈ ಭಾಷೆಯ ಹೆಸರು ಲುವಾ. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆಯಿದು. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ಕೆಳಗಿನ ಅಂತಸ್ತು ಎಂಜಿನ್. ಚಿತ್ರದ ಕಡತವನ್ನು ತೆರೆಯುವುದು, ಅರಳಿಸುವುದು, ಚುಕ್ಕೆಗಳನ್ನು ಮೆಮೊರಿಯಲ್ಲಿ ಹರಡಿ ಪರದೆಗೆ ಮುಟ್ಟಿಸುವುದು ಎಲ್ಲವೂ ಎಂಜಿನ್ನಿನ ಕೆಲಸ. ಹೀಗೆ ಹರಡಿದ ಚುಕ್ಕೆಗಳ ಗಂಟಿಗೆ ಟೆಕ್ಸ್ಚರ್ ಎನ್ನುತ್ತಾರೆ.

ಈಗ ದೇವಸ್ಥಾನದ ಮುಂದಿನ ಚಪ್ಪಲಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಚಪ್ಪಲಿ ಕೊಟ್ಟರೆ ನಿಮ್ಮ ಕೈಗೆ ಒಂದು ಟೋಕನ್ ಬರುತ್ತದೆ. ಟೋಕನ್ ಒಂದು ರೂಪಾಯಿ ನಾಣ್ಯದಷ್ಟು, ಚಪ್ಪಲಿ ಹಿಡಿಯುವುದು ಒಂದಿಡೀ ಗೂಡನ್ನು. ಸ್ಕ್ರಿಪ್ಟ್ ಚಿತ್ರವನ್ನು ಕೇಳಿದಾಗ ನಡೆಯುವುದೂ ಇದೇ. 48 ಎಂಬಿಯ ಚುಕ್ಕೆಗಳು ಎಂಜಿನ್ನಿನ ಗೂಡಿಗೆ ಹೋಗುತ್ತವೆ. ಸ್ಕ್ರಿಪ್ಟಿನ ಕೈಗೆ ಬರುವುದು ಒಂದು ಚಿಕ್ಕ ಟೋಕನ್ ಮಾತ್ರ.

ಲುವಾದಲ್ಲಿ ಬೇಡವಾದ ವಸ್ತುಗಳನ್ನು ಗುಡಿಸಿ ಜಾಗ ತೆರವು ಮಾಡುವ ವ್ಯವಸ್ಥೆಯೊಂದು ತಾನಾಗಿಯೇ ನಡೆಯುತ್ತಿರುತ್ತದೆ. ಕಸ ಸಂಗ್ರಹಣೆ ಎಂದೇ ಅದಕ್ಕೆ ಹೆಸರು. 1960ರ ಹೊತ್ತಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಇದನ್ನು ರೂಪಿಸಿದರು. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲೂ ಇಂಥ ಏರ್ಪಾಟು ಇದೆ. ಆದ್ದರಿಂದ ಮೆಮೊರಿಯ ಚಿಂತೆ ನಮಗೆ ಬೇಡ ಎಂದು ಕಲಿಯುವವರು ನಂಬುತ್ತಾರೆ, ಕಲಿಸುವವರೂ ಹಾಗೇ ಹೇಳುತ್ತಾರೆ. ಆದರೆ ಈ ಗುಡಿಸುವವನು ಓಡಾಡುವುದು ಮೇಲಿನ ಅಂತಸ್ತಿನಲ್ಲಿ ಮಾತ್ರ. ಅವನ ಕಣ್ಣಿಗೆ ಬೀಳುವುದು ಟೋಕನ್‌ಗಳು. ಹತ್ತು ಟೋಕನ್ ಸೇರಿದರೂ ಅವನಿಗೆ ಅದು ಒಂದು ಹಿಡಿ ಕಸವಲ್ಲ. ಕೆಳಗಡೆ ಗೂಡುಗಳೆಲ್ಲ ತುಂಬಿ ಹೊಸ ಚಪ್ಪಲಿಗೆ ಜಾಗವಿಲ್ಲದಂತಾದರೂ ಅವನಿಗೆ ಅವಸರವಿಲ್ಲ.

ಇದನ್ನು ಕಣ್ಣಾರೆ ನೋಡಲು ಆ ಚೌಕಟ್ಟಿನಲ್ಲಿಯೇ ಎರಡು ಮೀಟರುಗಳಿವೆ. ‘ಕಲೆಕ್ಟ್‌ಗಾರ್ಬೇಜ್’ ಆಜ್ಞೆಗೆ ‘ಕೌಂಟ್’ ಎಂದು ಸೇರಿಸಿ ಕೇಳಿದರೆ ಲುವಾ ಬಳಸುತ್ತಿರುವ ಮೆಮೊರಿ ಎಷ್ಟು ಕೆಬಿ ಎಂದು ತಿಳಿಯುತ್ತದೆ. ‘ಸಿಸ್ಟಮ್ ಗೆಟ್‌ಇನ್ಫೋ’ ಆಜ್ಞೆಗೆ ‘ಟೆಕ್ಸ್ಚರ್‌ಮೆಮೊರಿಯೂಸ್ಡ್’ ಎಂದು ಸೇರಿಸಿ ಕೇಳಿದರೆ ಗೂಡುಗಳಲ್ಲಿ ಎಷ್ಟು ಬೈಟ್ ತುಂಬಿದೆ ಎಂದು ತಿಳಿಯುತ್ತದೆ. ಎರಡನ್ನೂ ಪರದೆಯ ಮೂಲೆಯಲ್ಲಿ ಬರೆಯಿಸಿದೆವು. ಒಂದೊಂದು ಚಿತ್ರ ಸರಿದಾಗಲೂ ಮೊದಲ ಮೀಟರು ಅಲ್ಲಾಡಿತೋ ಇಲ್ಲವೋ ಎಂಬಂತಿತ್ತು. ಎರಡನೆಯದು ಮಾತ್ರ 4 ಕೋಟಿ 80 ಲಕ್ಷ, 9 ಕೋಟಿ 60 ಲಕ್ಷ ಎಂದು ಏರುತ್ತ ಹೋಯಿತು. ಒಮ್ಮೆಯೂ ಇಳಿಯಲಿಲ್ಲ. ಹುಡುಗಿ ತಲೆ ಎತ್ತಿ ಪರದೆ ನೋಡಿದಳು. “ಅಯ್ಯೋ, ಯಾವುದೂ ಹೋಗೇ ಇಲ್ಲ!”

ಮರೆಮಾಡಿದರೆ ಹೋದಂತಲ್ಲ

ಅವಳು ಮಾಡಿದ್ದು ಇಷ್ಟು. ಮುಂದಿನ ಚಿತ್ರ ಬಂದಾಗ ಹಿಂದಿನದರ ‘ಈಸ್‌ವಿಸಿಬಲ್’ ಗುಣವನ್ನು ‘ಫಾಲ್ಸ್’ ಮಾಡಿದ್ದಳು, ಅಂದರೆ ಮರೆಮಾಡಿದ್ದಳು. ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ಭಾವಿಸಿದ್ದೇ ತಪ್ಪು. ಗೂಡಿನ ಮುಂದೆ ಪರದೆ ಎಳೆದರೆ ಚಪ್ಪಲಿ ಮಾಯವಾಗುವುದಿಲ್ಲ.

“ಹಾಗಾದ್ರೆ ಆ ಹೆಸರನ್ನೇ ಅಳಿಸಿಬಿಡ್ತೀನಿ” ಎಂದು ಚಿತ್ರವನ್ನು ಹಿಡಿದಿದ್ದ ಹೆಸರಿಗೆ ‘ನಿಲ್’ ಎಂದು ಬರೆದಳು. ನಿಲ್ ಎಂದರೆ ಏನೂ ಇಲ್ಲ ಎಂದರ್ಥ. ಮೀಟರು ಆಗಲೂ ಇಳಿಯಲಿಲ್ಲ. ಟೋಕನ್ ಬಿಸಾಡಿದ ಮಾತ್ರಕ್ಕೆ ಗೂಡು ತೆರವಾದೀತೆ? ಈ ಚೌಕಟ್ಟಿನಲ್ಲಿ ಪರದೆಗೆ ಸೇರಿದ ಎಲ್ಲ ವಸ್ತುಗಳ ಪಟ್ಟಿಯನ್ನು ಎಂಜಿನ್ ತಾನೂ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವ ತನಕ ಚಿತ್ರಕ್ಕೆ ಸಾವಿಲ್ಲ. ನಮ್ಮ ಕೈಯ ಟೋಕನ್ ಕಳೆದುಕೊಂಡರೆ ಇನ್ನೂ ಕಷ್ಟ, ಚಪ್ಪಲಿ ಬಿಡಿಸಿಕೊಳ್ಳುವ ದಾರಿಯೂ ಹೋಯಿತು.

ಸರಿಯಾದ ಕ್ರಮದಲ್ಲಿ ಎರಡು ಹೆಜ್ಜೆಗಳಿವೆ. ಮೊದಲು ‘ರಿಮೂವ್‌ಸೆಲ್ಫ್’ ಎಂಬ ಆಜ್ಞೆ, ಅಂದರೆ ಟೋಕನ್ ಕೊಟ್ಟು ಗೂಡು ಖಾಲಿ ಮಾಡಿಸುವುದು. ಆಮೇಲೆ ಆ ಹೆಸರಿಗೆ ನಿಲ್ ಎಂದು ಬರೆಯುವುದು, ಅಂದರೆ ಕೈ ತೊಳೆದುಕೊಳ್ಳುವುದು. ಎರಡನ್ನೂ ಮಾಡಿದಾಗ ಮೀಟರು ಮೊದಲ ಬಾರಿಗೆ ಕೆಳಗಿಳಿಯಿತು.

ಒಂದೇ ಚಿತ್ರವನ್ನು ಹಲವು ಕಡೆ ಬಳಸಿದರೆ? ಪ್ರತಿ ಪುಟದ ಅಂಚಿಗೂ ಅವಳು ಒಂದೇ ತೋರಣದ ಚಿತ್ರ ಹಾಕಿದ್ದಳು. ಎಂಜಿನ್ ಇಲ್ಲಿ ಜಾಣತನ ತೋರುತ್ತದೆ. ಒಂದೇ ಕಡತವನ್ನು ಹತ್ತು ಸಲ ಕೇಳಿದರೂ ಅರಳಿಸುವುದು ಒಂದೇ ಸಲ. ಹತ್ತು ಟೋಕನ್, ಒಂದೇ ಗೂಡು. ಕೊನೆಯ ಟೋಕನ್ ಹಿಂದಿರುಗಿದಾಗ ಮಾತ್ರ ಆ ಗೂಡು ತೆರವಾಗುತ್ತದೆ. ಒಂಬತ್ತನ್ನು ಕೊಟ್ಟು ಒಂದನ್ನು ಮರೆತರೆ ಗೂಡು ಹಾಗೇ ತುಂಬಿರುತ್ತದೆ.

ಈ ತೊಡಕು ಸೋಲಾರ್2ಡಿ ಒಂದರದೇ ಅಲ್ಲ, ಪಳಗಿದ ಎಂಜಿನಿಯರುಗಳನ್ನೂ ಕಾಡಿದೆ. ಆಂಡ್ರಾಯ್ಡ್ 2.3ರ ತನಕ ಚಿತ್ರದ ಚುಕ್ಕೆಗಳು ಕಸ ಗುಡಿಸುವವನ ಲೆಕ್ಕದಿಂದ ಹೊರಗಿದ್ದವು. 2011ರ 3.0 ಆವೃತ್ತಿಯಲ್ಲಿ ಅವುಗಳನ್ನು ಲೆಕ್ಕದೊಳಗೆ ತಂದರು. 2017ರ 8.0 ಆವೃತ್ತಿಯಲ್ಲಿ ಮತ್ತೆ ಹೊರಗಿಟ್ಟು, ಗುಡಿಸುವವನಿಗೆ ಸುದ್ದಿ ಮುಟ್ಟುವ ಏರ್ಪಾಟನ್ನೂ ಸೇರಿಸಿದರು. ಜಾಲತಾಣಗಳನ್ನು ಬರೆಯುವವರೂ ಅಷ್ಟೆ, ಬಳಕೆದಾರರು ಆರಿಸಿದ ಫೋಟೋಗೆ ಬ್ರೌಸರಿನಿಂದ ‘ಕ್ರಿಯೇಟ್ ಆಬ್ಜೆಕ್ಟ್ ಯುಆರ್‌ಎಲ್’ ಮೂಲಕ ವಿಳಾಸ ಪಡೆದರೆ, ಕೆಲಸ ಮುಗಿದ ಮೇಲೆ ‘ರಿವೋಕ್’ ಆಜ್ಞೆಯಿಂದ ಅದನ್ನು ಹಿಂದಿರುಗಿಸಬೇಕು. ಪಡೆದವರು ಹಿಂದಿರುಗಿಸಬೇಕೆಂಬ ನಿಯಮ ಎಲ್ಲೆಡೆಯೂ ಒಂದೇ.

32 ಎಂಬಿಯಲ್ಲಿ ಬಾಳಿದ ಯಂತ್ರ

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಚಿತ್ರಕ್ಕೆ 48 ಎಂಬಿ ಬೇಕೇ ಬೇಕೆ? ಮೆಮೊರಿ ಬಂಗಾರದಷ್ಟು ದುಬಾರಿಯಾಗಿದ್ದ ದಿನಗಳಲ್ಲಿ ಜನ ಹೇಗೆ ನಿಭಾಯಿಸುತ್ತಿದ್ದರು? ಉತ್ತರಕ್ಕೆ ದೂರ ಹೋಗಬೇಕಿಲ್ಲ, ಮಲ್ಲೇಶ್ವರದ ಮಗ್ಗುಲಿಗೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯತ್ತ ನೋಡಿದರೆ ಸಾಕು. ನಮ್ಮೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು ಇದನ್ನೇ.

ಅಲ್ಲಿನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರ ಜೊತೆಗೂಡಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರೊಂದನ್ನು ವಿನ್ಯಾಸಗೊಳಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಅದೇ ಸಿಂಪ್ಯೂಟರ್. ಓದುಬರಹ ಬಾರದವರೂ ಭಾರತೀಯ ಭಾಷೆಗಳಲ್ಲಿ ಬಳಸುವಂತಿರಬೇಕು, ಅಗ್ಗವಾಗಿರಬೇಕು ಎಂಬುದು ಅವರ ಗುರಿ. ಅದರ ಪರದೆ 320 ಚುಕ್ಕೆಗೆ 240 ಚುಕ್ಕೆ. ಮೆಮೊರಿ 32 ಎಂಬಿ. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕೆಂದು ಬರೆದಿಡಲು ಐಎಂಎಲ್ ಎಂಬ ತನ್ನದೇ ಗುರುತುಭಾಷೆಯೂ ಅದಕ್ಕಿತ್ತು. 2004ರಲ್ಲಿ ‘ಅಮಿಡ’ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು, ತಯಾರಿಸಿದ್ದು ನಮ್ಮ ಬಿಇಎಲ್. ನಿರೀಕ್ಷಿಸಿದಷ್ಟು ಮಾರಾಟವಾಗದೆ ಸಿಂಪ್ಯೂಟರ್ ಮರೆಗೆ ಸರಿಯಿತು. ಆದರೆ ಅದರ ಅಳತೆಗಳಲ್ಲಿ ನಮಗೊಂದು ಪಾಠವಿದೆ.

ಲೆಕ್ಕ ಹಾಕೋಣ. 320ನ್ನು 240ರಿಂದ ಗುಣಿಸಿದರೆ 76,800 ಚುಕ್ಕೆ. ಚುಕ್ಕೆಗೆ 4 ಬೈಟ್ ಎಂದು ಧಾರಾಳವಾಗಿ ಹಿಡಿದರೂ ಪೂರ್ತಿ ಪರದೆಗೆ 3,07,200 ಬೈಟ್ ಸಾಕು. ನಮ್ಮ ಹುಡುಗಿಯ ಒಂದೇ ಒಂದು ಫೋಟೋ ಅರಳಿದರೆ ಸಿಂಪ್ಯೂಟರಿನ ಇಡೀ ಮೆಮೊರಿಯ ಸುಮಾರು ಒಂದೂವರೆ ಪಟ್ಟಾಗುತ್ತದೆ! ಅಂಥ ಯಂತ್ರಕ್ಕೆ ಚಿತ್ರ ಹಾಕುವವನು ಅದನ್ನು ಮೊದಲೇ ಪರದೆಯ ಅಳತೆಗೆ ಕತ್ತರಿಸಿ ಕೊಡದೆ ವಿಧಿಯಿರಲಿಲ್ಲ. ಪರದೆಯಲ್ಲಿ ಇಲ್ಲದ ಚುಕ್ಕೆಗೆ ಮೆಮೊರಿಯಲ್ಲಿ ಜಾಗ ಕೊಡುವುದು ದಂಡ, ಏಕೆಂದರೆ ಅದನ್ನು ಯಾರ ಕಣ್ಣೂ ನೋಡಲಾರದು.

ಇದೇ ಸೂತ್ರವನ್ನು ಪರಿಷೆಯ ಆ್ಯಪಿಗೂ ಅನ್ವಯಿಸಿದೆವು. ಅಪ್ಪನ ಫೋನಿನ ಪರದೆ 720 ಚುಕ್ಕೆ ಅಗಲ. 4000 ಚುಕ್ಕೆಯ ಚಿತ್ರವನ್ನು ಅಲ್ಲಿ ಕುಗ್ಗಿಸಿ ತೋರಿಸುವಾಗ ಮೆಮೊರಿಯಲ್ಲಿ ಅದು ಕುಗ್ಗಿರುವುದಿಲ್ಲ, 48 ಎಂಬಿಯೂ ಹಾಗೇ ಕುಳಿತಿರುತ್ತದೆ. ಆದ್ದರಿಂದ ಫೋಟೋಗಳನ್ನು ಆ್ಯಪಿಗೆ ಸೇರಿಸುವ ಮೊದಲೇ, ಮನೆಯ ಕಂಪ್ಯೂಟರಿನಲ್ಲಿ 720 ಅಗಲ, 540 ಎತ್ತರಕ್ಕೆ ಇಳಿಸಿದೆವು. ಈಗ ಒಂದು ಚಿತ್ರದಲ್ಲಿ 3,88,800 ಚುಕ್ಕೆ. ನಾಲ್ಕರಿಂದ ಗುಣಿಸಿದರೆ 15,55,200 ಬೈಟ್, ಅಂದರೆ ಸುಮಾರು ಒಂದೂವರೆ ಎಂಬಿ. ಮೂವತ್ತೂ ಚಿತ್ರಗಳನ್ನು ಒಟ್ಟಿಗೆ ಅರಳಿಸಿದರೆ 4 ಕೋಟಿ 66 ಲಕ್ಷ ಬೈಟ್. ಮೊದಲು ಒಂದೇ ಚಿತ್ರ ನುಂಗುತ್ತಿದ್ದ ಜಾಗದಲ್ಲಿ ಈಗ ಮೂವತ್ತೂ ಕೂತು ಇನ್ನೂ ಸ್ವಲ್ಪ ಮಿಗುತ್ತದೆ! ಪರದೆಯ ಮೇಲೆ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡುವ ಸೌಲಭ್ಯ ಬೇಕೆಂದರೆ ಮಾತ್ರ ಇದಕ್ಕಿಂತ ದೊಡ್ಡದನ್ನು ಇಡಬೇಕಾಗುತ್ತದೆ. ಅವಳ ಆ್ಯಪಿಗೆ ಅದು ಬೇಕಿರಲಿಲ್ಲ.

ಮೂರು ಚಿತ್ರ ಸಾಕು

“ಮೂವತ್ತೂ ಹಿಡಿಯುತ್ತೆ ಅಂದ್ಮೇಲೆ ಎಲ್ಲವನ್ನೂ ಇಟ್ಕೊಂಡ್ರಾಯ್ತಲ್ಲ ಸರ್?” ಎಂದಳು. ಇಟ್ಟುಕೊಳ್ಳಬಹುದು. ಆದರೆ ನಾಳೆ ಚಿತ್ರಗಳು ಮುನ್ನೂರಾದರೆ? ಹಾಗೆಂದು ಕಂಡದ್ದನ್ನೆಲ್ಲ ಕೂಡಲೇ ಎಸೆಯುವುದೂ ಸರಿಯಲ್ಲ. ಹಿಂದಿನ ಚಿತ್ರಕ್ಕೆ ಮರಳಿದಾಗ ಅದನ್ನು ಮತ್ತೆ ಉಗ್ರಾಣದಿಂದ ತಂದು ಅರಳಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ಬ್ಯಾಟರಿಯೂ ಖರ್ಚಾಗುತ್ತದೆ. ಜಾಗ ಉಳಿಸಿದರೆ ಹೊತ್ತು ಹೋಗುತ್ತದೆ, ಹೊತ್ತು ಉಳಿಸಿದರೆ ಜಾಗ ಹೋಗುತ್ತದೆ. ಈ ಎರಡರ ನಡುವೆ ಹದ ಹುಡುಕುವುದೇ ಆ್ಯಪ್ ಬರೆಯುವವರ ಜಾಣ್ಮೆ.

ಅವಳೇ ಯೋಚಿಸಿ ಹದವನ್ನು ಹೇಳಿದಳು. ನೋಡುತ್ತಿರುವ ಚಿತ್ರ ಒಂದು, ಹಿಂದಿನದು ಒಂದು, ಮುಂದಿನದು ಒಂದು. ಯಾವಾಗಲೂ ಮೂರೇ ಗೂಡು. ಬೆರಳು ಮುಂದಕ್ಕೆ ಸರಿದರೆ ತೀರ ಹಿಂದಿನದರ ಟೋಕನ್ ಕೊಟ್ಟು ಗೂಡು ಬಿಡಿಸುವುದು, ಮುಂದಿನ ಹೊಸದನ್ನು ತರಿಸಿಡುವುದು. ಮೀಟರು 46 ಲಕ್ಷ ಬೈಟಿನ ಆಸುಪಾಸಿನಲ್ಲಿ ನಿಂತಿತು. ಮೂವತ್ತು ಚಿತ್ರ ನೋಡಿ ಮತ್ತೆ ಹಿಂದಕ್ಕೆ ಬಂದರೂ ಅಲ್ಲಿಂದ ಮೇಲೇರಲಿಲ್ಲ. ಅಪ್ಪನ ಹಳೆಯ ಫೋನಿನಲ್ಲಿ ಆ್ಯಪ್ ಒಮ್ಮೆಯೂ ಮುಚ್ಚಿಕೊಳ್ಳಲಿಲ್ಲ.

ಇಷ್ಟು ಹೊತ್ತೂ ಪಕ್ಕದಲ್ಲಿ ಸುಮ್ಮನೆ ಕುಳಿತು ಕೇಳುತ್ತಿದ್ದ ಅಪ್ಪ ಆಗ ನಕ್ಕರು. “ಮೇಷ್ಟ್ರೇ, ಇದು ನಮ್ಮ ಪ್ರೆಸ್ಸಿನ ಹಳೇ ಪಾಠ. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಮೊಳೆ ಜೋಡಿಸ್ತಿದ್ವಿ. ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಜಾಗಕ್ಕೆ ಹಾಕಲೇಬೇಕು. ಹಾಕದೆ ಮನೆಗೆ ಹೋದ್ರೆ ಮಾರನೇ ದಿನ ಪುಟ ಕಟ್ಟೋಕೆ ಅಕ್ಷರಾನೇ ಸಿಗ್ತಿರಲಿಲ್ಲ. ಹೊಸ ಮೊಳೆ ತರಿಸಿ ಅಂದ್ರೆ ಯಜಮಾನರು ಸುಮ್ನೆ ಬಿಡ್ತಿದ್ರಾ?” ನಾನು ಒಂದು ಸಂಜೆಯೆಲ್ಲ ಬಿಡಿಸಿ ಹೇಳಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು. ಮಗಳು ಅಪ್ಪನನ್ನು ಅಚ್ಚರಿಯಿಂದ ನೋಡುತ್ತಿದ್ದಳು.

ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಮಗುವಿನ ಆ್ಯಪ್ ನಿಂತುಹೋದರೆ ತಕ್ಷಣ ಅಂಗಡಿಗೆ ಓಡಬೇಡಿ. ದೊಡ್ಡ ಫೋನಿನಲ್ಲಿ ತಪ್ಪು ಕಾಣಿಸದೆ ಇರಬಹುದು, ಹಾಗೆಂದು ತಪ್ಪು ಹೋದಂತಲ್ಲ. ಹತ್ತನೆಯ ಚಿತ್ರಕ್ಕೆ ನಿಲ್ಲುತ್ತಿದ್ದದ್ದು ನಲವತ್ತನೆಯದಕ್ಕೆ ನಿಲ್ಲುತ್ತದೆ, ಅಷ್ಟೇ. ಆ ಆ್ಯಪನ್ನು ಮುಂದೆ ಬಳಸುವ ಎಷ್ಟೋ ಜನರ ಕೈಯಲ್ಲಿ ಇರುವುದೂ ಇಂಥ ಹಳೆಯ ಫೋನೇ. ಅಲ್ಲಿ ನಡೆಯುವಂತೆ ಬರೆಯಲು ಕಲಿತ ಮಗು ಎಲ್ಲಿ ಬೇಕಾದರೂ ನಡೆಯುವಂತೆ ಬರೆಯಬಲ್ಲದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಎ4 ಅಳತೆಯ ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಚಿತ್ರ 2480 ಚುಕ್ಕೆ ಅಗಲ, 3508 ಚುಕ್ಕೆ ಎತ್ತರ ಬರುತ್ತದೆ. ಅಜ್ಜನ ಕಾಲದ ನೂರು ಪುಟದ ಪುಸ್ತಕವೊಂದನ್ನು ಹೀಗೆ ಸ್ಕ್ಯಾನ್ ಮಾಡಿ ಆ್ಯಪಿನಲ್ಲಿ ತೋರಿಸಬೇಕು. ಎಲ್ಲ ಪುಟಗಳನ್ನೂ ಒಟ್ಟಿಗೆ ಅರಳಿಸಿದರೆ ಎಷ್ಟು ಮೆಮೊರಿ ಬೇಕು? 720 ಚುಕ್ಕೆ ಅಗಲಕ್ಕೆ ಇಳಿಸಿ ಮೂರೇ ಪುಟ ಇಟ್ಟುಕೊಂಡರೆ ಎಷ್ಟು? ಎರಡು ಉತ್ತರಗಳನ್ನೂ ಅಕ್ಕಪಕ್ಕ ಬರೆದು, ಅಪ್ಪ ಅಮ್ಮನಿಗೆ ತೋರಿಸಿ.

ಅಂದಹಾಗೆ, ಶನಿವಾರದ ಪ್ರದರ್ಶನದಲ್ಲಿ ಹುಡುಗಿ ಪರದೆಯ ಮೂಲೆಯ ಆ ಎರಡು ಮೀಟರುಗಳನ್ನು ತೆಗೆಯದೆ ಹಾಗೇ ಉಳಿಸಿಕೊಂಡಿದ್ದಳು. ನೋಡಲು ಬಂದವರಲ್ಲಿ ಹೆಚ್ಚಿನವರು ಕಡಲೆಕಾಯಿಯ ಚಿತ್ರಕ್ಕಿಂತ ಅವುಗಳ ಬಗ್ಗೆಯೇ ಕೇಳಿದರಂತೆ. ಉತ್ತರ ಹೇಳುವಾಗ ಅವಳು ನೆಲ ನೋಡಲಿಲ್ಲ.